ತಟ್ಟೆಗೆ ಬರುವ ಕೀಟನಾಶಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಮನೆ ಪಂಕ್ತಿಯಲ್ಲಿ, ರೈತರ ಸಭೆಯಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತದೆ.

## ಮೊದಲಿಗೆ

ಎಲ್ಲದಕ್ಕೂ ವಿಷ ಹೊಡೀತಾರಂತೆ. ಹಾಗಾದ್ರೆ ತಿನ್ನೋದಾದ್ರೂ ಏನು?

ಎಲ್ಲದಕ್ಕೂ ಹೊಡೆಯುತ್ತಾರೆ ಎನ್ನುವುದು ಹೆಚ್ಚುಕಡಿಮೆ ನಿಜ. ಎಲ್ಲದರಲ್ಲೂ ಉಳಿದಿರುತ್ತದೆ ಎನ್ನುವುದು ನಿಜವಲ್ಲ. ಕೇಂದ್ರ ಕೃಷಿ ಸಚಿವಾಲಯದ ಒಂದು ಯೋಜನೆಯಲ್ಲಿ 2005–06ರಿಂದಲೂ ದೇಶದ ನಾನಾ ಕಡೆಯ ತರಕಾರಿ, ಹಣ್ಣು, ಧಾನ್ಯ, ಹಾಲು ತಂದು ಪರೀಕ್ಷಿಸುತ್ತಾರೆ. 2014–15ರಲ್ಲಿ ನೋಡಿದ್ದು 20,618 ಮಾದರಿ. ಅವುಗಳಲ್ಲಿ ಶೇ. 18.7ರಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತು. ಕಾನೂನಿನ ಮಿತಿ ದಾಟಿದ್ದು ಶೇ. 2.6 ಮಾತ್ರ.

ಸಮಾಧಾನಪಟ್ಟುಕೊಳ್ಳುವ ಮೊದಲು ಅದೇ ವರದಿಯ ಇನ್ನೊಂದು ಅಂಕಿ ನೋಡಿ: ಶೇ. 12.5 ಮಾದರಿಗಳಲ್ಲಿ ಆ ಬೆಳೆಗೆ ಅನುಮೋದನೆಯೇ ಇಲ್ಲದ ಕೀಟನಾಶಕಗಳಿದ್ದವು. ನನ್ನನ್ನು ಕೇಳಿದರೆ ಇದೇ ಹೆಚ್ಚು ಮುಖ್ಯ. ಹೀಗಾಗುವುದು ಹೇಗೆ ಎಂದು ತಿಳಿಯಬೇಕಾದರೆ ತಾಲ್ಲೂಕು ಕೇಂದ್ರದ ಯಾವುದಾದರೂ ಕೃಷಿ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಿ. ರೈತ ಮುರುಟಿದ ಎಲೆಯೊಂದನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಅಂಗಡಿಯವನು ಎಲೆ ಮಗುಚಿ ನೋಡಿ ಮೂರು ಬಾಟಲಿ ಇಳಿಸುತ್ತಾನೆ: ಇದು ನುಸಿಗೆ, ಇದು ರೋಗಕ್ಕೆ, ಇದು ಟಾನಿಕ್ಕು, ಮೂರನ್ನೂ ಒಂದೇ ಡ್ರಮ್ಮಿಗೆ ಕಲಸಿಬಿಡು. ಬಾಟಲಿಯ ಮೇಲೆ ಹತ್ತಿ ಎಂದು ಬರೆದಿದೆಯೋ ಮೆಣಸಿನಕಾಯಿ ಎಂದು ಬರೆದಿದೆಯೋ, ಯಾರೂ ಓದುವುದಿಲ್ಲ. ಮೇಲಾಗಿ ರೈತ ಔಷಧಿ ಒಯ್ಯುವುದು ಆ ಅಂಗಡಿಯವನ ಹತ್ತಿರ ಸಾಲ ಹೇಳಿ. ಬೇರೆ ಅಂಗಡಿಗೆ ಹೋಗಿ ಇನ್ನೊಂದು ಮಾತು ಕೇಳುವಂತೆಯೂ ಇಲ್ಲ.

ಹುಳ ಇರೋ ಬದನೆಕಾಯಿ ಅಂದ್ರೆ ಔಷಧಿ ಹೊಡೆದಿಲ್ಲ ಅಂತ ತಾನೆ?

ಅಲ್ಲ. ಬದನೆಯ ಕಾಯಿಕೊರಕ ಮೊಟ್ಟೆಯೊಡೆದ ಕೆಲ ಗಂಟೆಗಳಲ್ಲೇ ಕಾಯಿಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಹೊರಗೆ ಎಷ್ಟು ಸುರಿದರೂ ಅದಕ್ಕೆ ತಗಲುವುದು ಕಷ್ಟ. ಹುಳ ಸಾಯದಿದ್ದರೆ ರೈತ ವಾರಕ್ಕೊಂದು ಹೊಡೆಯುವುದನ್ನು ಎರಡು ಮಾಡುತ್ತಾನೆ. ಹಾಗಾಗಿ ಹುಳುಕು ಬದನೆ ಅತಿ ಹೆಚ್ಚು ಸಿಂಪಡಣೆ ಕಂಡ ಬದನೆಯೂ ಆಗಿರಬಹುದು. ಹೊಳೆಯುವ ಕಾಯಿ ವಿಷದ್ದು, ಸೊಟ್ಟ ಕಾಯಿ ನಾಟಿ ಎಂಬ ಲೆಕ್ಕವೂ ಅಷ್ಟೇ, ಕಣ್ಣಳತೆಯಲ್ಲಿ ಏನೂ ತಿಳಿಯುವುದಿಲ್ಲ.

ದ್ರಾಕ್ಷಿ ಮೇಲೆ ಬೂದಿ ಥರ ಇರುತ್ತಲ್ಲ, ಅದು ಔಷಧಿಯಾ?

ತೆಳ್ಳಗೆ, ಹಣ್ಣಿನ ಸುತ್ತ ಒಂದೇ ಸಮ ಹರಡಿ, ಬೆರಳಿಂದ ಉಜ್ಜಿದರೆ ಕೆಳಗಿನ ಸಿಪ್ಪೆ ಮಿನುಗಿದರೆ ಅದು ಹಣ್ಣೇ ಸುರಿಸಿಕೊಂಡ ಮೇಣ. ಅದಿದ್ದರೆ ಹಣ್ಣು ಹೆಚ್ಚು ಕೈಬದಲಾಗಿಲ್ಲ ಎಂದರ್ಥ. ಹನಿ ಬಿದ್ದು ಒಣಗಿದ ಗುರುತಿನಂತೆ ಅಲ್ಲಲ್ಲಿ, ತೊಟ್ಟಿನ ಬುಡದಲ್ಲಿ ಮಡುಗಟ್ಟಿದ ಬಿಳಿ ಅಥವಾ ತಿಳಿನೀಲಿ ಕಲೆ ಇದ್ದರೆ ಅದು ಸಿಂಪಡಣೆಯದು. ತೊಟ್ಟಿನ ಸಂದಿಯಲ್ಲಿ ನೀರು ನಿಲ್ಲುವುದರಿಂದ ಗೊಂಚಲಿನ ಹಣ್ಣು ಬಿಡಿಸಿಕೊಂಡು ತೊಳೆಯುವುದು ಮೇಲು.

ಕಾರ್ಬೈಡ್ ಮಾವು, ಗೋಬಿಯ ಕೆಂಪು ಬಣ್ಣ, ಕೊಳಚೆ ನೀರಿನ ಸೊಪ್ಪು, ಎಲ್ಲಾ ಒಂದೇ ಅಲ್ವಾ?

ಬೇರೆ ಬೇರೆ ಕಾಯಿಲೆಗೆ ಒಂದೇ ಗುಳಿಗೆ ಕೇಳಿದಂತಾಯಿತು. ಕಾರ್ಬೈಡ್ ಹಣ್ಣು ಮಾಗಿಸುವ ರಾಸಾಯನಿಕ, ಅದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ತಡೆಯಿತು. ಕೊಳಚೆ ನೀರಿನ ಸೊಪ್ಪಿನಲ್ಲಿ ಭಯ ಸೀಸ, ಕ್ಯಾಡ್ಮಿಯಂನಂಥ ಲೋಹಗಳದ್ದು. ಅವು ಬೇರಿನಿಂದ ಏರಿ ಬಂದಿರುವುದರಿಂದ ತೊಳೆದರೂ ಹೋಗುವುದಿಲ್ಲ. ಈ ಪುಟದಲ್ಲಿರುವುದು ಹೊಲದಲ್ಲಿ ಹೊಡೆದ ಔಷಧಿಯ ವಿಚಾರ ಮಾತ್ರ.

## ಅಡುಗೆಮನೆಯಲ್ಲಿ

ಉಪ್ಪು ನೀರು, ಅಡುಗೆ ಸೋಡಾ, ಹುಣಸೆ ನೀರು... ಯಾವುದರಲ್ಲಿ ನೆನೆಸಿದ್ರೆ ವಿಷ ಹೋಗುತ್ತೆ?

ಮೇಲ್ಮೈಯಲ್ಲಿ ಕೂತದ್ದು ಇವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಒಳಗೆ ಸೇರಿದ್ದು ಯಾವುದರಲ್ಲೂ ಹೋಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸಿಪ್ಪೆಯ ಮೇಲಿದ್ದ ಎರಡು ಔಷಧಿಗಳೂ ಪೂರ್ತಿ ಹೋದವು. ಆದರೆ ಅವುಗಳಲ್ಲಿ ಒಂದಾದ ಥಯಾಬೆಂಡಜೋಲ್ ಶೇ. 20ರಷ್ಟು ಆಗಲೇ ಸಿಪ್ಪೆಯೊಳಗೆ ಇಳಿದಿತ್ತು. ಅದನ್ನು ಸೋಡಾ ಮುಟ್ಟಲಿಲ್ಲ.

ನಮ್ಮ ಅಡುಗೆಮನೆಗೆ ಇಷ್ಟು ಸಾಕು: ಸೋಡಾ ಅಥವಾ ಉಪ್ಪಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ, ಆಮೇಲೆ ನಲ್ಲಿ ಕೆಳಗೆ ಹಿಡಿದು ಕೈಯಿಂದ ಉಜ್ಜುವುದು. ಉಜ್ಜುವುದೇ ಅರ್ಧ ಕೆಲಸ. ಕೋಸಿನ ಹೊರಗಿನ ಎರಡು ಮೂರು ಪದರ ಕಿತ್ತು ಬಿಸಾಡಿ. ಹೂಕೋಸನ್ನು ಬಿಡಿಸಿದ ಮೇಲೆ ತೊಳೆಯಿರಿ, ಇಡಿಯಾಗಿ ಅಲ್ಲ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿ. ಪಾತ್ರೆ ಸೋಪು ಬೇಡ, ಅದೂ ತರಕಾರಿಯೊಳಗೆ ಸೇರುತ್ತದೆ. ಸಾವಿರಾರು ರೂಪಾಯಿಯ ಓಜೋನ್ ಯಂತ್ರಕ್ಕೆ ನಾನಂತೂ ದುಡ್ಡು ಹಾಕುವುದಿಲ್ಲ.

ಕುಕ್ಕರಿನಲ್ಲಿ ನಾಲ್ಕು ವಿಷಲ್ ಹೊಡೆಸಿದ್ರೆ ಎಲ್ಲಾ ಸತ್ತುಹೋಗಲ್ವಾ?

ಸಾಯುವುದು ರೋಗಾಣು. ಕೀಟನಾಶಕ ಜೀವಿಯಲ್ಲ, ಅದು ಒಡೆಯಬೇಕು. ಕೆಲವು ಬಿಸಿಗೆ ಒಡೆಯುತ್ತವೆ, ಕೆಲವು ಒಡೆಯುವುದಿಲ್ಲ. ಬೇಯಿಸಿದ ನೀರು ಚೆಲ್ಲಿದರೆ ಒಂದಿಷ್ಟು ಅದರೊಂದಿಗೆ ಹೋಗುತ್ತದೆ, ಬಸ್ಸಾರು ಮಾಡಿದರೆ ಸಾರಿಗೆ ಬರುತ್ತದೆ. ಯಾರೂ ನೆನಪಿಸಿಕೊಳ್ಳದ ಸಂಗತಿ ಇನ್ನೊಂದಿದೆ. ಒಣಗಿಸಿದರೆ ಉಳಿಕೆಯ ಸಾಂದ್ರತೆ ಹೆಚ್ಚುತ್ತದೆ. ಹಸಿಮೆಣಸಿನಕಾಯಿ ಒಣಗಿ ತೂಕ ಮೂರು ನಾಲ್ಕು ಪಟ್ಟು ಇಳಿದಾಗ ನೀರು ಹೋಗುತ್ತದೆ, ಔಷಧಿಯ ಬಹುಪಾಲು ಅಲ್ಲೇ ಇರುತ್ತದೆ. ಒಣದ್ರಾಕ್ಷಿಯ ಕಥೆಯೂ ಅದೇ. ಖಾರದಪುಡಿಯನ್ನು ಚಮಚದಲ್ಲಿ ತಿನ್ನುತ್ತೇವೆ, ಕಿಲೋ ಲೆಕ್ಕದಲ್ಲಿ ಅಲ್ಲ ಎನ್ನುವುದಷ್ಟೇ ಸಮಾಧಾನ.

ಯಾವ ತರಕಾರಿಗೆ ಜಾಸ್ತಿ ಹೆದರಬೇಕು?

ಹೆದರಬೇಕು ಅನ್ನುವುದಕ್ಕಿಂತ ಜಾಸ್ತಿ ತೊಳೆಯಬೇಕು ಅನ್ನೋಣ. ಕರಿಬೇವು ಮೊದಲು. ಒಗ್ಗರಣೆಗೆ ಹಾಕುವ ನಾಲ್ಕೆಸಳು ಎಂದು ತೊಳೆಯದೇ ಹಾಕುತ್ತೇವೆ. ಆದರೆ ಭಾರತದ ಕರಿಬೇವು ಮತ್ತು ಬೆಂಡೆಕಾಯಿಯನ್ನು ಐರೋಪ್ಯ ಒಕ್ಕೂಟ ಗಡಿಯಲ್ಲೇ ವಿಶೇಷವಾಗಿ ತಪಾಸಣೆ ಮಾಡುವ ಪಟ್ಟಿಯಲ್ಲಿಟ್ಟಿದೆ. ಕರಿಬೇವು ಮನೆಯ ಹಿತ್ತಲಲ್ಲೋ ಕುಂಡದಲ್ಲೋ ಸುಲಭವಾಗಿ ಬರುವ ಗಿಡ, ಇದೊಂದನ್ನಾದರೂ ಪೇಟೆಯಿಂದ ತರುವುದು ಬಿಡಬಹುದು. ಆಮೇಲೆ ಹೂಕೋಸು, ಬದನೆ, ಬೆಂಡೆ, ಹಸಿಮೆಣಸಿನಕಾಯಿ, ದಪ್ಪಮೆಣಸಿನಕಾಯಿ, ಕೊತ್ತಂಬರಿ. ಕುಂಬಳ, ಸೀಮೆಬದನೆ, ಗೆಣಸು, ಬಾಳೆಹಣ್ಣು, ಹಲಸುಗಳಲ್ಲಿ ಒಂದೋ ಸಿಂಪಡಣೆ ಕಡಿಮೆ, ಇಲ್ಲವೇ ಸಿಪ್ಪೆ ದಪ್ಪ.

ಸಾವಯವ ಅಂಗಡೀಲಿ ದುಪ್ಪಟ್ಟು ರೇಟು. ಕೊಟ್ಟು ತರಬಹುದಾ?

ಬೋರ್ಡು ನೋಡಿ ಕೊಡಬೇಡಿ, ಪ್ರಮಾಣಪತ್ರ ನೋಡಿ ಕೊಡಿ. ಕಾನೂನಿನಲ್ಲಿ ಮಾನ್ಯವಾದ ದಾರಿ ಎರಡು: ಮೂರನೆಯವರು ತಪಾಸಿಸುವ ಎನ್‌ಪಿಒಪಿ, ರೈತರ ಗುಂಪೇ ಪರಸ್ಪರ ನೋಡಿಕೊಳ್ಳುವ ಪಿಜಿಎಸ್-ಇಂಡಿಯಾ. ಪೊಟ್ಟಣದ ಮೇಲೆ ಸಾವಯವ ಪ್ರಮಾಣೀಕರಣದ ಅಧಿಕೃತ ಚಿಹ್ನೆ ಇರಬೇಕು. ಪ್ರಮಾಣಿತ ಮಾಲಿನಲ್ಲಿ ರಾಸಾಯನಿಕ ಉಳಿಕೆ ಸರಾಸರಿಯಲ್ಲಿ ಕಡಿಮೆ ಎನ್ನುವುದು ಬೇರೆ ಬೇರೆ ದೇಶಗಳ ಪರೀಕ್ಷೆಗಳಲ್ಲಿ ಕಂಡಿರುವ ಸಂಗತಿ.

ಸಾವಯವ ಎಂದರೆ ಏನೂ ಹೊಡೆದಿಲ್ಲ ಎಂದಲ್ಲ. ಬೇವಿನೆಣ್ಣೆ, ಗಂಧಕ, ಮೈಲುತುತ್ತಕ್ಕೂ ಅಲ್ಲಿ ಜಾಗವಿದೆ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನವರು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದೇ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ರೂಢಿಗೆ ತಂದು ನೂರು ವರ್ಷದ ಮೇಲಾಯಿತು. ಮೈಲುತುತ್ತದಲ್ಲಿರುವ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ದುಡ್ಡು ಬಿಗಿಯಿದ್ದರೆ ಸಾವಯವ ಕೊಳ್ಳಲು ತರಕಾರಿ ಕಡಿಮೆ ಮಾಡುವುದಕ್ಕಿಂತ ಮಾಮೂಲಿ ತರಕಾರಿಯನ್ನೇ ಹೊಟ್ಟೆ ತುಂಬ ತಿನ್ನಿ. ಸೊಪ್ಪು ತರಕಾರಿ ಕಡಿಮೆ ತಿಂದರೆ ಆಗುವ ನಷ್ಟ ಗೊತ್ತಿರುವಂಥದ್ದು, ದೊಡ್ಡದು.

## ದೇಹದ ವಿಚಾರ

ಸುಳ್ವಾಡಿಯಲ್ಲಿ ಪ್ರಸಾದ ತಿಂದು ಸತ್ತರಲ್ಲ, ತರಕಾರಿಯಿಂದಲೂ ಹಾಗಾಗಬಹುದಾ?

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ನಡೆದದ್ದು ಉಳಿಕೆಯ ಕಥೆಯಲ್ಲ. ಪ್ರಸಾದಕ್ಕೆ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನೇ ಬೆರೆಸಲಾಗಿತ್ತು. 17 ಜನ ಸತ್ತರು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದದ್ದೂ ಇದೇ ಔಷಧಿ. ಈ ಜಾತಿಯ ವಿಷ ನರಗಳ ಸಂಕೇತವನ್ನು ಮುಗಿಸುವ ಕಿಣ್ವವನ್ನು ತಡೆಯುತ್ತದೆ. ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಸಣ್ಣಗಾಗುವುದು, ಆಮೇಲೆ ಉಸಿರು ಕಟ್ಟುವುದು.

ಪೇಟೆಯ ತರಕಾರಿಯಲ್ಲಿ ಸಿಗುವುದು ಕಿಲೋಗೆ ಮಿಲಿಗ್ರಾಂನ ಚೂರುಪಾರು. ಅದರಿಂದ ಹೀಗೆ ಬೀಳುವುದು ತೀರ ಅಪರೂಪ. ನಿಜವಾದ ಅಪಾಯ ಮನೆಯಲ್ಲೇ ಇದೆ: ಔಷಧಿಯನ್ನು ನೀರಿನ ಅಥವಾ ಎಣ್ಣೆಯ ಬಾಟಲಿಗೆ ಬಗ್ಗಿಸಿಡುವುದು, ಔಷಧಿಯ ಡಬ್ಬ ತೊಳೆದು ಕಾಳು ತುಂಬುವುದು. ಹೀಗೇನಾದರೂ ಆದರೆ ಮನೆಮದ್ದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಎರಡೂ ಬೇಡ. 108ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ಡಾಕ್ಟರಿಗೆ ಬೇಕು.

ಕ್ಯಾನ್ಸರ್ ಬರೋದು ಇದರಿಂದಲೇ ಅಂತಾರೆ, ನಿಜವಾ?

ಒಂದೇ ಮಾತಿನಲ್ಲಿ ಹೌದು ಅಲ್ಲ ಎಂದು ಹೇಳುವವರನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಲಿಂಡೇನನ್ನು ಕ್ಯಾನ್ಸರ್‌ಕಾರಕ ಎಂದೂ ಡಿಡಿಟಿ, ಮ್ಯಾಲಥಿಯಾನ್, ಡಯಾಜಿನಾನ್, ಗ್ಲೈಫೋಸೇಟ್‌ಗಳನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ಗುರುತಿಸಿತು. ಆ ಪಟ್ಟಿ ಹೇಳುವುದು ಕ್ಯಾನ್ಸರ್ ತರುವ ಗುಣ ಇದೆಯೇ ಎಂದು. ಎಷ್ಟು ತಿಂದರೆ ಎಷ್ಟು ಅಪಾಯ ಎಂದಲ್ಲ. ಗ್ಲೈಫೋಸೇಟ್ ಬಗ್ಗೆ ಯುರೋಪು, ಅಮೆರಿಕದ ನಿಯಂತ್ರಕರು ಬೇರೆಯದೇ ತೀರ್ಮಾನಕ್ಕೆ ಬಂದರು.

ಅಧ್ಯಯನಗಳಲ್ಲಿ ಸಂಬಂಧ ಗಟ್ಟಿಯಾಗಿ ಕಾಣುವುದು ವರ್ಷಗಟ್ಟಲೆ ಔಷಧಿ ಹೊಡೆದವರಲ್ಲಿ, ಅದೂ ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ. ತಿನ್ನುವವರ ವಿಷಯದಲ್ಲಿ ಪುರಾವೆ ತೆಳ್ಳಗಿದೆ. ನಿಮ್ಮ ಮನೆಯ ಒಬ್ಬರಿಗೆ ಬಂದ ಕ್ಯಾನ್ಸರ್ ಟೊಮೆಟೊದಿಂದ ಬಂತು ಎಂದು ಯಾರೂ ತೋರಿಸಲಾರರು. ಅದೇ ಮನೆಯಲ್ಲಿ ತಂಬಾಕು ಇದ್ದರೆ ಮೊದಲು ಅದರ ಕಡೆ ನೋಡಿ.

ಮಗಳು ಬಸುರಿ. ಏನಾದರೂ ವಿಶೇಷ ಜಾಗ್ರತೆ ಬೇಕಾ?

ಬೇಕು. ಇಲ್ಲಿ ನಾನು ಸಮಾಧಾನದ ಮಾತು ಹೇಳುವುದಿಲ್ಲ. ಗೆದ್ದಲಿಗೂ ಬೆಳೆಗೂ ಬಳಸುವ ಕ್ಲೋರ್‌ಪೈರಿಫಾಸ್ ಗರ್ಭದಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗಬಹುದು ಎಂಬ ಆತಂಕ ಗಟ್ಟಿಯಾಗಿಯೇ ಇದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಅದಕ್ಕೆ ಸುರಕ್ಷಿತ ಮಟ್ಟವನ್ನೇ ನಿಗದಿ ಮಾಡಲಾಗದು ಎಂದಿತು. ಮರುವರ್ಷ ಅಲ್ಲಿ ಅದು ನಿಂತುಹೋಯಿತು. ಹಾಗೆಂದು ತರಕಾರಿ ನಿಲ್ಲಿಸಬೇಡಿ. ಮನೆಗೆ ಗೆದ್ದಲು, ಜಿರಲೆ ಔಷಧಿ ಹೊಡೆಸುವುದನ್ನು ಹೆರಿಗೆಯ ನಂತರಕ್ಕೆ ಮುಂದೂಡಿ. ಹೊಡೆದ ಹೊಲಕ್ಕೆ ಕಳೆ ಕೀಳಲು ಕಳಿಸಬೇಡಿ. ಔಷಧಿ ಹೊಡೆದು ಬಂದವರ ಬಟ್ಟೆ ಅವಳು ಒಗೆಯುವುದು ಬೇಡ. ಹಳ್ಳಿಮನೆಯಲ್ಲಿ ತಟ್ಟೆಗಿಂತ ಈ ಮೂರು ದಾರಿಗಳೇ ದೊಡ್ಡವು.

ಎದೆಹಾಲಿನಲ್ಲೂ ಡಿಡಿಟಿ ಇದೆಯಂತೆ?

ಕೊಬ್ಬಿನಲ್ಲಿ ಕೂತು ಬಿಡುವ ಹಳೇ ಜಾತಿಯ ಔಷಧಿ ಅದು. ಬೇಸಾಯಕ್ಕೆ 1989ರಲ್ಲೇ ನಿಷೇಧವಾಯಿತು, ಸೊಳ್ಳೆ ನಿಯಂತ್ರಣಕ್ಕೆ ಆಮೇಲೂ ಬಳಸಿದರು. ಚೂರು ಉಳಿಕೆ ಇದ್ದರೂ ಎದೆಹಾಲು ಬಿಡಿಸಿ ಡಬ್ಬಿ ಹಾಲು ಕೊಡಲು ಅದು ಕಾರಣವಲ್ಲ. ಹಾಲೂಡಿಸಿ.

ಎಂಡೋಸಲ್ಫಾನ್‌ನಂಥದ್ದು ನಮ್ಮೂರಲ್ಲೂ ನಡೀತಿರಬಹುದಾ?

ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗೇರುಗುಡ್ಡದ ಕೆಳಗೇ ಮನೆಗಳು, ಕುಡಿಯಲು ಗುಡ್ಡ ಕೊರೆದ ಸುರಂಗದ ನೀರು. ಗಡಿಯ ಈಚೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಅದೇ ಆಯಿತು. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ತಡೆ ಹಾಕಿತು. ಅಲ್ಲಿನವರಿಗೆ ವಿಷ ಬಂದದ್ದು ಪೇಟೆಯ ತರಕಾರಿಯಿಂದಲ್ಲ, ಗಾಳಿ ಮತ್ತು ನೀರಿನಿಂದ. ಅದೂ ಇಪ್ಪತ್ತಕ್ಕೂ ಹೆಚ್ಚು ವರ್ಷ.

ಇದರ ಪಕ್ಕದಲ್ಲೇ ಸಾಗರ ತಾಲ್ಲೂಕಿನ ಹಂದಿಗೋಡನ್ನೂ ಇಟ್ಟು ನೋಡಬೇಕು. 1970ರ ದಶಕದಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದಾದಾಗ ಗದ್ದೆಯ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣ ಎಂಬ ಅನುಮಾನ ಹುಟ್ಟಿತು. ಆಮೇಲಿನ ಅಧ್ಯಯನಗಳು ಅದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಎಂಬ ಕಡೆಗೆ ವಾಲಿದವು. ಒಂದು ಊರಿನಲ್ಲಿ ಒಂದೇ ಥರದ ಕಾಯಿಲೆ ಕಂಡರೆ ಅನುಮಾನ ಪಡುವುದು ಸರಿ. ಮನೆಮನೆ ಲೆಕ್ಕ ಬರೆಯುವುದು, ಯಾವ ವರ್ಷ ಏನು ಹೊಡೆದರು ಎಂದು ಗುರುತಿಡುವುದು, ಜಿಲ್ಲಾ ಆರೋಗ್ಯಾಧಿಕಾರಿಗೆ ಬರಹದಲ್ಲಿ ಕೊಡುವುದು ಅದರ ಮುಂದಿನ ಹೆಜ್ಜೆ.

ಹೊಡೆಯೋ ನಮ್ಮ ಬಗ್ಗೆ ಯಾರೂ ಕೇಳೋದಿಲ್ಲ ಯಾಕೆ ಸಾರ್?

ಚಿಕ್ಕಬಳ್ಳಾಪುರದ ಕಡೆಯ ಕೂಲಿಯವರೊಬ್ಬರ ಪ್ರಶ್ನೆ. ತಿನ್ನುವವರು ಬರೆದ ನೂರು ಪತ್ರಕ್ಕಿಂತ ಇದು ನ್ಯಾಯವಾದದ್ದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದವರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರದ ಗಿಡ, ಸೆಕೆ, ಬರಿಗಾಲು, ಎರಡು ಮೂರು ಔಷಧಿಯ ಬೆರಕೆ.

ಬೆನ್ನಿನ ಕ್ಯಾನಿನ ಮುಚ್ಚಳದ ವಾಷರ್ ಸವೆದಿದ್ದರೆ ದ್ರಾವಣ ಬೆನ್ನುಹುರಿಯ ಗುಂಟ ಇಳಿದು ಚಡ್ಡಿಯನ್ನು ನೆನೆಸುತ್ತದೆ. ಅದು ಸಂಜೆವರೆಗೂ ಮೈಗೆ ಅಂಟಿಕೊಂಡೇ ಇರುತ್ತದೆ. ಮೊದಲು ಆ ವಾಷರ್ ಬದಲಿಸಿ. ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ. ಕಟ್ಟಿಕೊಂಡ ನಾಸಲ್ ಅನ್ನು ಬಾಯಿಂದ ಊದಬೇಡಿ. ಕೈ ತೊಳೆಯದೆ ಬೀಡಿ, ಎಲೆಅಡಿಕೆ ಬೇಡ. ತಲೆ ಸುತ್ತಿದರೆ ಮಜ್ಜಿಗೆ ಕುಡಿದು ಮತ್ತೆ ಇಳಿಯುವುದಲ್ಲ, ಆ ದಿನ ನಿಲ್ಲಿಸುವುದು. ಮಾಲೀಕರು ಕೂಲಿಯ ಜೊತೆ ರಬ್ಬರ್ ಗ್ಲೌಸು, ಮೈ ತೊಳೆಯಲು ಸೋಪು, ನೀರು ಕೊಡಬೇಕು. ಕೊಡುವವರು ಕಡಿಮೆ.

## ಕಾನೂನು ಮತ್ತು ಲೆಕ್ಕ

ಮಿತಿ ದಾಟಿದೆ ಅಂದ್ರೆ ವಿಷ ಆಯ್ತು ಅಂತಲಾ?

ನೇರವಾಗಿ ಹಾಗಲ್ಲ. ಎಂಆರ್‌ಎಲ್ (ಗರಿಷ್ಠ ಉಳಿಕೆ ಮಿತಿ) ಹೊಲದ ಶಿಸ್ತಿನ ಅಳತೆ: ಲೇಬಲ್ಲಿನಂತೆ ಹೊಡೆದು, ಹೇಳಿದಷ್ಟು ದಿನ ಕಾದು ಕೊಯ್ದರೆ ಹೆಚ್ಚೆಂದರೆ ಎಷ್ಟು ಉಳಿಯಬಹುದು ಎಂಬ ಲೆಕ್ಕ. ನಮ್ಮಲ್ಲಿ ಅದನ್ನು ನಿಗದಿ ಮಾಡುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ. ದೇಹಕ್ಕೆ ಸಂಬಂಧಿಸಿದ್ದು ಬೇರೆ ಅಳತೆ, ದಿನವೂ ಜೀವಮಾನವಿಡೀ ತಿಂದರೂ ತೊಂದರೆಯಾಗದು ಎಂದು ಭಾವಿಸಿದ ಪ್ರಮಾಣ. ಪ್ರಾಣಿಗಳಲ್ಲಿ ತೊಂದರೆ ಕಾಣದ ಮಟ್ಟವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಅದನ್ನು ತೆಗೆಯುತ್ತಾರೆ.

ಒಂದು ಲೆಕ್ಕ ಮಾಡೋಣ. ಯುರೋಪು ಸುರಕ್ಷಿತ ಮಟ್ಟ ಇಡಲಾಗದು ಎಂದ ಅದೇ ಕ್ಲೋರ್‌ಪೈರಿಫಾಸ್‌ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಇಟ್ಟದ್ದು ದೇಹತೂಕದ ಕಿಲೋಗೆ ದಿನಕ್ಕೆ 0.01 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 0.6 ಮಿಲಿಗ್ರಾಂ ಆಯಿತು. ಬೆಂಡೆಯಲ್ಲಿ ಕಿಲೋಗೆ 0.2 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ, ದಿನಾ 3 ಕಿಲೋ ಬೆಂಡೆ ತಿನ್ನಬೇಕು. ನೆಮ್ಮದಿ ಎನಿಸಿತೇ? 12 ಕಿಲೋ ತೂಕದ ಮಗುವಿಗೆ ಅದು 600 ಗ್ರಾಂಗೆ ಇಳಿಯುತ್ತದೆ. ಮಗು ತಿನ್ನುವುದು ಬೆಂಡೆಯೊಂದನ್ನೇ ಅಲ್ಲ, ಬೆಂಡೆಯಲ್ಲಿರುವುದು ಒಂದೇ ಔಷಧಿಯೂ ಅಲ್ಲ. ಈ ಪದ್ಧತಿಯಲ್ಲಿ ಒಂದೊಂದು ಔಷಧಿಯನ್ನು ಒಂಟಿಯಾಗಿ ತೂಗುತ್ತಾರೆ. ಬೆರಕೆಯ ಲೆಕ್ಕ ಈಚೆಗಷ್ಟೇ ಶುರುವಾಗಿದೆ.

ಎಕ್ಸ್‌ಪೋರ್ಟ್‌ಗೆ ಒಳ್ಳೇ ಮಾಲು, ನಮಗೆ ಮಾತ್ರ ಕಸ, ಹೌದಾ?

ಹಣ್ಣು ಬೇರೆಯಲ್ಲ, ಕಾವಲು ಬೇರೆ. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆಯಿಂದ ತಿರಸ್ಕೃತವಾಗಿ ವ್ಯಾಪಾರವೇ ನೆಲಕಚ್ಚಿತು. ಆಮೇಲೆ ಕಣ್ಗಾವಲು ಬಿಗಿಯಾಯಿತು. ರಫ್ತಿನ ತೋಟಕ್ಕೆ ನೋಂದಣಿ ಇದೆ, ಕೊಯ್ಲಿಗೆ ಮೊದಲು ಮಾದರಿ ಲ್ಯಾಬಿಗೆ ಹೋಗುತ್ತದೆ, ಪಾಸಾದರೆ ಮಾತ್ರ ಹಡಗು. ವಿಜಯಪುರದ ಬೆಳೆಗಾರ ಅದೇ ತೋಟದ ಹಣ್ಣನ್ನು ಬೆಂಗಳೂರಿಗೆ ಕಳಿಸಿದರೆ ಯಾವ ಲ್ಯಾಬೂ ಅಡ್ಡ ಬರುವುದಿಲ್ಲ. ಬೆಳೆಗಾರರಿಗೆ ಸರಿಯಾಗಿ ಬೆಳೆಯಲು ಗೊತ್ತಿದೆ ಎಂಬುದಂತೂ ಇದರಿಂದ ಸಾಬೀತಾಯಿತು. ನಾವು ಕೇಳುತ್ತಿಲ್ಲ, ಅಷ್ಟೇ.

ಬೇರೆ ದೇಶದಲ್ಲಿ ನಿಷೇಧ ಆದದ್ದು ಇಲ್ಲಿ ಯಾಕೆ ಮಾರ್ತಾರೆ?

1958ರಲ್ಲಿ ಕೇರಳದಲ್ಲಿ ಪ್ಯಾರಥಿಯಾನ್ ಎಂಬ ಕೀಟನಾಶಕ ಸೋಂಕಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. ಹತ್ತು ವರ್ಷ. ವೇಗ ಈಗಲೂ ಹೆಚ್ಚುಕಡಿಮೆ ಅಷ್ಟೇ. ಮಾನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದು ಎಂದದ್ದು 2005ರಲ್ಲಿ. ಹತ್ತಿಗೆಂದು ಅಂಗಡಿಯಲ್ಲಿ ಇದ್ದೇ ಇತ್ತು, ಅಂಗಡಿಯಿಂದ ಹೊರಬಿದ್ದ ಬಾಟಲಿ ಹತ್ತಿಗೆ ಹೋಯಿತೋ ಬದನೆಗೆ ಹೋಯಿತೋ ನೋಡುವವರಿಲ್ಲ. ಅದರ ಅತಿ ಬಳಕೆಯ ದ್ರವರೂಪವನ್ನು ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಒಂದೇ ಬೆಳೆಗೆ ನಿಷೇಧ ಎಂಬುದು ನನ್ನ ದೃಷ್ಟಿಯಲ್ಲಿ ಕಾಗದದ ಮೇಲಿನ ನಿಷೇಧ.

ನಾನೇ ಟೆಸ್ಟ್ ಮಾಡಿಸಿ ಕೇಸ್ ಹಾಕಬಹುದಾ?

ಟೆಸ್ಟ್ ಮಾಡಿಸಬಹುದು. ಆಹಾರ ಸುರಕ್ಷತಾ ಕಾಯ್ದೆ 2006ರ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ವಿಶ್ಲೇಷಣೆ ಮಾಡಿಸಬಹುದು. ಮಾಲು ಕಾಯ್ದೆಗೆ ವಿರುದ್ಧ ಎಂದು ವರದಿ ಬಂದರೆ ಶುಲ್ಕ ವಾಪಸು. ಆದರೆ ಅದೇ ಕಾಯ್ದೆಯ 18ನೇ ಕಲಂ ಹೊಲದ ಮಟ್ಟದಲ್ಲಿರುವ ರೈತ ಮತ್ತು ಬೆಳೆಯನ್ನು ಹೊರಗಿಟ್ಟಿದೆ. ಹೊಲದ ಬೇಲಿಯೊಳಗೆ ಕೃಷಿ ಇಲಾಖೆ, ಮಂಡಿ ದಾಟಿದ ಮೇಲೆ ಆಹಾರ ಇಲಾಖೆ. ನಿಮ್ಮ ಕೈಯಲ್ಲಿರುವ ಬೆಂಡೆಕಾಯಿಯಿಂದ ಹೊಲದವರೆಗೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ, ಏಕೆಂದರೆ ಮಂಡಿಯಲ್ಲಿ ಹತ್ತು ಊರಿನ ಮಾಲು ಒಂದೇ ರಾಶಿಯಾಗಿರುತ್ತದೆ. ನೂರು ರೂಪಾಯಿಯ ಮನೆ ಕಿಟ್‌ಗಳನ್ನು ನಂಬಿ ಯಾರ ಮೇಲೂ ಆರೋಪ ಮಾಡಬೇಡಿ.

ನಾನು ರೈತ. ಹೊಡೆದ ಎಷ್ಟು ದಿನಕ್ಕೆ ಕೊಯ್ಯಬೇಕು, ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಆಗದು, ಏಕೆಂದರೆ ಔಷಧಿ ಒಂದೇ ಆದರೂ ಬೆಳೆಗೊಂದು ದಿನ. ಕ್ಲೋರಾಂಟ್ರಾನಿಲಿಪ್ರೋಲ್ ಟೊಮೆಟೊಗೆ ಹೊಡೆದರೆ 3 ದಿನ ಕಾಯಬೇಕು, ಬದನೆಗೆ ಹೊಡೆದರೆ 22 ದಿನ. ಬದನೆ ಕೊಯ್ಲು ವಾರದೊಳಗೆ ಒಮ್ಮೆ ಬಂದೇ ಬರುತ್ತದೆ. 22 ದಿನ ಬಿಟ್ಟರೆ ಕಾಯಿ ಬಲಿತು ಬೀಜವಾಗುತ್ತದೆ. ಅಂದರೆ ಕಾಯಿ ಬಿಡಲು ಶುರುವಾದ ಮೇಲೆ ಬದನೆಗೆ ಆ ಔಷಧಿಯೇ ಸಲ್ಲದು, ಹೂವಿಗೆ ಮೊದಲೇ ಅದರ ಕೆಲಸ ಮುಗಿಯಬೇಕು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಮಡಚಿಟ್ಟ ಚೀಟಿಯಲ್ಲಿ ಇರುವೆಸಾಲಿನ ಅಕ್ಷರದಲ್ಲಿ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಜೊತೆಗೆ ಡಬ್ಬದ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೂ ಕಾಯುವ ದಿನ ಇದ್ದೇ ಇರುತ್ತದೆ.

ಕಾಯಿ ಬಿಡುವಾಗ ಕೊರಕಕ್ಕೆ ಏನು ಮಾಡಲಿ ಎಂದರೆ, ಬಾಡಿ ಜೋತುಬಿದ್ದ ಕುಡಿಗಳನ್ನು ವಾರಕ್ಕೊಮ್ಮೆ ಒಂದು ಗೇಣು ಕೆಳಗಿನಿಂದ ಚಿವುಟಿ ಸುಟ್ಟುಬಿಡಿ, ಬದುವಿಗೆ ಎಸೆಯಬೇಡಿ. ಹುಳುಕು ಕಾಯಿಯನ್ನೂ ಹಾಗೆಯೇ. ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ನೆಟ್ಟು ತಿಂಗಳಿಗೊಮ್ಮೆ ಅದರ ವಾಸನೆಯ ಗುಳಿಗೆ ಬದಲಿಸಿ. ಅಕ್ಕಪಕ್ಕದ ನಾಲ್ಕು ಹೊಲದವರೂ ಒಟ್ಟಿಗೆ ಮಾಡಿದರೆ ಫಲ ಕಾಣುತ್ತದೆ. ಒಬ್ಬರೇ ಮಾಡಿದರೆ ಪಕ್ಕದ ಹೊಲದ ಪತಂಗ ನಿಮ್ಮಲ್ಲಿಗೇ ಬರುತ್ತದೆ.